ತಂಗಿಯ ಮೇಲೆ ನಡೆಸಿದ ತನಿಖೆ

ಇಪ್ಪತ್ತೆಂಟು ವರ್ಷ, ಜನರನ್ನು ನಂಬದೇ ಇರುವುದಕ್ಕೆ ನನಗೆ ಸಂಬಳ ಬರುತ್ತಿತ್ತು. ಒಂದು ವಿಮಾ ಕಂಪನಿಯ ತನಿಖೆ ವಿಭಾಗದಲ್ಲಿದ್ದೆ. ಉಪ್ಪಾರಪೇಟೆಯ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಆಫೀಸು. ಕೆಳಗೆ ಲಾಡ್ಜು, ಪಕ್ಕದಲ್ಲಿ ಸೂಟ್‌ಕೇಸ್ ಅಂಗಡಿ. ಕೆಲಸದ ಜಾಗದಲ್ಲಿ ಬಿದ್ದವರು, ಲಾರಿ ತಾಗಿಸಿಕೊಂಡವರು, ಇನ್ನು ನಮ್ಮ ಕೈಲಿ ದುಡಿಯುವುದಕ್ಕೆ ಆಗುವುದಿಲ್ಲ ಎಂದು ಅರ್ಜಿ ಹಾಕಿದರೆ, ಅವರ ನೋವು ನಿಜವೋ ಸುಳ್ಳೋ ಎಂದು ಹೋಗಿ ನೋಡಿಬರುವುದು ನನ್ನ ಪಾಲಿನ ಕೆಲಸ.

ಅದಕ್ಕೆ ನಮ್ಮದೇ ಉಪಾಯಗಳಿದ್ದವು. ಸೊಂಟ ಬಗ್ಗುವುದಿಲ್ಲ ಎನ್ನುವವನ ಮುಂದೆ ಪೆನ್ನು ಬೀಳಿಸುವುದು. ಕುತ್ತಿಗೆ ನೋವಿನವನನ್ನು ಹಿಂದಿನಿಂದ ಹೆಸರು ಹಿಡಿದು ಕರೆಯುವುದು; ನಿಜವಾದ ನೋವಿದ್ದರೆ ಅವನು ಇಡೀ ಮೈ ತಿರುಗಿಸುತ್ತಾನೆ, ಇಲ್ಲದಿದ್ದರೆ ತಲೆ ಮಾತ್ರ. ಬಾಗಿಲ ಬಳಿ ಬಿಟ್ಟ ಚಪ್ಪಲಿ ನೋಡುವುದು. ಕುಂಟುವವನ ಚಪ್ಪಲಿ ಒಂದೇ ಕಡೆ ಸವೆದಿರಬೇಕು. ಇವನ್ನೆಲ್ಲ ನನಗೆ ಯಾರೂ ಪುಸ್ತಕದಲ್ಲಿ ಕಲಿಸಲಿಲ್ಲ. ನನಗಿಂತ ಮುಂಚೆ ಬಂದವರಿಂದ ಕಲಿತೆ, ನನ್ನ ನಂತರ ಬಂದವರಿಗೆ ಕಲಿಸಿದೆ. ನಾನು ಕೆಟ್ಟವನೆಂದು ನನಗೆ ಯಾವತ್ತೂ ಅನ್ನಿಸಲಿಲ್ಲ. ಸುಳ್ಳು ಹೇಳುವವರು ನಿಜವಾಗಿಯೂ ಇದ್ದರು. ಹಿಡಿದಾಗ ಒಂದು ರೀತಿಯ ಸಂತೋಷ ಆಗುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ನಿವೃತ್ತನಾದ ಮೇಲೆ ಆ ಕಣ್ಣಿಗೆ ಕೆಲಸ ಇಲ್ಲದಂತಾಯಿತು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಮೂರು ಜನ: ನಾನು, ನನ್ನ ಹೆಂಡತಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ. ತಂಗಿ ಮದುವೆಯಾಗಲಿಲ್ಲ. ಕಾಲೇಜೊಂದರ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದಳು, ಮೊದಲಿನಿಂದಲೂ ನಮ್ಮ ಜೊತೆಯಲ್ಲೇ ಇದ್ದಳು; ಬೀದಿಗೆ ಕಿಟಕಿ ಇರುವ ಮುಂದಿನ ರೂಮು ಅವಳದು.

ನಾಲ್ಕು ವರ್ಷದ ಹಿಂದೆ, ಸಂಬಂಧಿಕರ ಮದುವೆಯೊಂದರಲ್ಲಿ, ಛತ್ರದ ಒದ್ದೆ ಮೆಟ್ಟಿಲ ಮೇಲೆ ಅವಳು ಜಾರಿದಳು. ಮೂರೇ ಮೆಟ್ಟಿಲು. ಎದ್ದು ಸೀರೆ ಸರಿಮಾಡಿಕೊಂಡು ಪಂಕ್ತಿಯಲ್ಲಿ ಊಟಕ್ಕೆ ಕೂಡ ಕೂತಳು. ಮೂಳೆ ಮುರಿದಿರಲಿಲ್ಲ. ಆರು ವಾರದಲ್ಲಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದ ಬೆನ್ನುನೋವು ಆರು ತಿಂಗಳಾದರೂ ಹೋಗಲಿಲ್ಲ, ವರ್ಷವಾದರೂ ಹೋಗಲಿಲ್ಲ. ಸ್ಕ್ಯಾನ್ ಮಾಡಿಸಿದೆವು. ವಯಸ್ಸಿಗೆ ತಕ್ಕ ಸವೆತ, ಬೇರೇನೂ ಇಲ್ಲ ಎಂದು ಬಂತು. ಎರಡನೇ ವರ್ಷ ಅವಳು ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಳು. ಮರುವರ್ಷ ನಾನೂ ಬಂದು ಕೂತೆ.

ಇಡೀ ದಿನ ಒಂದೇ ಸೂರಿನ ಕೆಳಗೆ ಇರಲು ಶುರುವಾದ ಮೇಲೆ ನನಗೆ ಒಂದೊಂದೇ ಕಾಣತೊಡಗಿತು. ಬ್ಯಾಂಕಿಗೆ ಹೋಗಿ ಬಾ ಎಂದರೆ ಹತ್ತು ನಿಮಿಷ ನಿಲ್ಲುವುದಕ್ಕೆ ಆಗುವುದಿಲ್ಲ ಎನ್ನುವವಳು, ಅವರೆಕಾಯಿ ಬಿಡಿಸುವುದಕ್ಕೆ ಪಕ್ಕದ ಮನೆಯವರ ಜೊತೆ ಜಗಲಿಯ ಮೇಲೆ ಕೂತರೆ ಎರಡು ಗಂಟೆ ಏಳುತ್ತಿರಲಿಲ್ಲ. ಇವತ್ತು ಸೊಂಟ ಎಂದರೆ ನಾಳೆ ತೊಡೆ ಎನ್ನುತ್ತಿದ್ದಳು, ನಾಡಿದ್ದು ಪಾದ ಉರಿಯುತ್ತದೆ ಎನ್ನುತ್ತಿದ್ದಳು. ನಮ್ಮ ಆಫೀಸಿನಲ್ಲಿ, ಸಲಸಲಕ್ಕೂ ಬದಲಾಗುವ ಹೇಳಿಕೆಯ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆವು.

ಹೆಂಡತಿಗೆ ಒಂದೆರಡು ಸಲ ಹೇಳಿ ನೋಡಿದೆ. ಅವಳು ಸೊಪ್ಪು ಸೋಸುತ್ತಾ, ತಲೆ ಎತ್ತದೆ, "ನೀವು ಮನೇಲೂ ಡ್ಯೂಟಿ ಮಾಡ್ಬೇಡಿ" ಎಂದಳು.

ಆದರೆ ನಾನು ಮಾಡಿದೆ. ಒಂದು ದಿನ ತಂಗಿ ಹಾಲ್‌ನಲ್ಲಿ ಪೇಪರ್ ಓದುತ್ತಾ ಕೂತಿದ್ದಾಗ, ಅವಳ ಕಾಲ ಬಳಿ ನನ್ನ ಕನ್ನಡಕದ ಡಬ್ಬಿ ಬೀಳಿಸಿದೆ. ಬೇಕೆಂದೇ ಬೀಳಿಸಿದೆ. ಅವಳು ನನ್ನ ಮುಖ ನೋಡಿದಳು, ಬಗ್ಗಿದಳು, ಎತ್ತಿ ಕೊಟ್ಟಳು. ಅವತ್ತು ಸಂಜೆಯೇ ಒಂದು ನೋಟ್‌ಬುಕ್ ತಂದೆ. ತಾರೀಖು, ಹೊತ್ತು, ಏನು ಮಾಡಿದಳು. ಮೊದಲ ಸಾಲು: ಹನ್ನೊಂದೂಕಾಲು, ನೆಲದಿಂದ ಡಬ್ಬಿ ಎತ್ತಿದಳು, ತೊಂದರೆ ಕಾಣಲಿಲ್ಲ.

ಯಾಕೆ ಬರೆದೆ, ಬರೆದು ಯಾರಿಗೆ ಕೊಡುವವನಿದ್ದೆ ಎಂದು ಯಾರಾದರೂ ಕೇಳಿಯಾರು. ಅಭ್ಯಾಸ ಎನ್ನಬಹುದು. ಅದಕ್ಕಿಂತ ಸ್ವಲ್ಪ ಹೆಚ್ಚಿನದೇನೋ ಇತ್ತು. ಅವಳು ನನಗೆ ಮೋಸ ಮಾಡುತ್ತಿದ್ದಾಳೆ ಎಂಬ ಕೋಪವಿತ್ತು.

ಆ ಮಳೆಗಾಲದಲ್ಲಿ ಅವಳು ವೈಯಾಲಿಕಾವಲ್‌ನ ಒಬ್ಬ ಡಾಕ್ಟರ ಬಳಿ ಹೋಗತೊಡಗಿದಳು. ವಾಸಿಯಾಗದೆ ಉಳಿದ ನೋವಿಗೇ ನೋಡುವ ಡಾಕ್ಟರಂತೆ, ಇನ್ನೂ ಮೂವತ್ತೈದರ ಆಸುಪಾಸಿನ ಹೆಂಗಸಂತೆ. ಕಾಲೇಜಿನಲ್ಲಿ ಜೊತೆಗಿದ್ದ ಯಾರೋ ಹೇಳಿದ್ದರು. ಚಾಮರಾಜಪೇಟೆಯಲ್ಲಿ, ಬಸವನಗುಡಿಯಲ್ಲಿ ಸಿಗದ ಡಾಕ್ಟರು ಅಷ್ಟು ದೂರದಲ್ಲಿ ಯಾಕೆ ಸಿಗಬೇಕು ಎಂದು ನಾನು ಅದನ್ನೂ ಬರೆದುಕೊಂಡೆ. ಎರಡು ತಿಂಗಳಾಗಿರಬೇಕು, ಒಂದು ದಿನ ರಾತ್ರಿ ಊಟಕ್ಕೆ ಕೂತಾಗ ತಂಗಿ, ತಾನು ಸೈಕಲ್ ಹೊಡೆಯುವುದಾಗಿ ಹೇಳಿದಳು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಮಲ್ಲೇಶ್ವರದಿಂದ ಬಸವನಗುಡಿಯವರೆಗೆ ಸೈಕಲ್ ಜಾಥಾ. ವರ್ಷಗಟ್ಟಲೆ ನೋವಿನ ಜೊತೆ ಬದುಕುವವರ ಬಗ್ಗೆ ಊರಿಗೆ ತಿಳಿಯಲಿ ಎಂದು. ಅದರಿಂದ ಸೇರುವ ನೆರವಿನ ಹಣದಲ್ಲಿ, ಆ ಡಾಕ್ಟರು ಪ್ರತಿ ಗುರುವಾರ ಹೂ ಕಟ್ಟುವವರು, ಮೂಟೆ ಹೊರುವವರು, ಮನೆಗೆಲಸದವರನ್ನು ಪುಕ್ಕಟೆ ನೋಡುತ್ತಾರಂತೆ. ಮೊದಲು ಮೈದಾನದಲ್ಲಿ ಹತ್ತು ನಿಮಿಷ, ಆಮೇಲೆ ಹದಿನೈದು, ಹೀಗೆ ಅಭ್ಯಾಸ ಮಾಡಿಸುತ್ತಾರಂತೆ. ನಿಲ್ಲುವುದಕ್ಕಿಂತ ತುಳಿಯುವುದು ತನಗೆ ವಾಸಿ ಎಂದಳು.

ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ಬೆನ್ನು ನೋವಿನವಳು ಸೈಕಲ್ ಹೊಡೆಯುತ್ತಾಳೆ. ಇದನ್ನು ಆಫೀಸಿನಲ್ಲಿ ಯಾರಾದರೂ ನನ್ನ ಮೇಜಿನ ಮೇಲೆ ತಂದಿಟ್ಟಿದ್ದರೆ ಅವತ್ತೇ ಫೈಲು ಮುಚ್ಚುತ್ತಿದ್ದೆ. ಪುಕ್ಕಟೆ ಎಂಬ ಮಾತಿನ ಮೇಲೂ ನನಗೆ ನಂಬಿಕೆ ಇರಲಿಲ್ಲ. ಆ ಡಾಕ್ಟರಿಗೆ ಹೊಸ ರೋಗಿಗಳು ಬೇಕಾಗಿರಬೇಕು, ಇವಳಿಗೆ ನಾಲ್ಕು ಜನರ ಗಮನ ಬೇಕಾಗಿರಬೇಕು, ಇಬ್ಬರೂ ಸೇರಿಕೊಂಡಿದ್ದಾರೆ ಎಂದುಕೊಂಡೆ.

ಅಭ್ಯಾಸ ಬಸವನಗುಡಿಯ ಒಂದು ಮೈದಾನದಲ್ಲಿ, ಭಾನುವಾರ ಬೆಳಿಗ್ಗೆ. ಮೊದಲ ಮೂರು ವಾರ ಬಿಟ್ಟು ನಾಲ್ಕನೇ ವಾರ ಅವಳ ಆಟೋ ಹಿಂದೆ ಸ್ಕೂಟರಿನಲ್ಲಿ ಹೋದೆ. ಮೈದಾನದ ಗೇಟಿನ ಎದುರು ಎಳನೀರಿನ ಗಾಡಿ ನಿಂತಿತ್ತು. ಅದರ ಮರೆಯಲ್ಲಿ ನಿಂತು, ಒಂದು ಎಳನೀರನ್ನು ಕುಡಿಯದೇ ಕೈಲಿ ಹಿಡಿದುಕೊಂಡು ನೋಡಿದೆ. ತಂಗಿ ಚೂಡಿದಾರ್ ಹಾಕಿದ್ದಳು. ಸೀಟು ತಗ್ಗಿಸಿದ ಲೇಡೀಸ್ ಸೈಕಲ್. ಹುಡುಗಿಯಾಗಿದ್ದಾಗ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು, ಆಮೇಲೆ ಮೂವತ್ತೈದು ವರ್ಷ ಮುಟ್ಟಿರಲಿಲ್ಲ. ಆದರೂ ಹ್ಯಾಂಡಲ್ ಒಂದಿಷ್ಟೂ ಅಲುಗಲಿಲ್ಲ. ಪಕ್ಕದಲ್ಲಿ ಬರುತ್ತಿದ್ದ ಹೆಂಗಸಿನ ಮಾತಿಗೆ ನಕ್ಕಳು. ನಾನು ನೋಟ್‌ಬುಕ್ ತೆಗೆದು ಬರೆದೆ: ಇಪ್ಪತ್ತು ನಿಮಿಷ, ನಿಲ್ಲಿಸದೆ. ನಕ್ಕಿದ್ದು ಮೂರು ಸಲ.

ಆಮೇಲೆ ಅವಳು ಇಳಿದಳು. ಸೈಕಲ್ ಯಾರ ಕೈಗೋ ಕೊಟ್ಟು ಕಾಂಪೌಂಡ್ ಗೋಡೆಗೆ ಎರಡೂ ಅಂಗೈ ಊರಿ, ತಲೆ ತಗ್ಗಿಸಿ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಎಳನೀರಿನವನು ನನ್ನನ್ನು, ಅಮ್ಮ ನಿಮ್ಮ ಕಡೆಯವರಾ, ಕುರ್ಚಿ ಕೊಡಲಾ ಎಂದು ಕೇಳಿದ. ಅಲ್ಲ ಎಂದೆ. ಗೋಡೆ ಹಿಡಿದು ನಿಂತದ್ದನ್ನು ನಾನು ಬರೆಯಲಿಲ್ಲ. ಕಾಣಲಿಲ್ಲವೆಂದಲ್ಲ. ಕಂಡಿತು, ಬರೆಯಲಿಲ್ಲ.

ಜಾಥಾಕ್ಕೆ ಮೂರು ವಾರವಿದ್ದಾಗ ಇನ್ನೊಂದು ವಿಷಯ ತಿಳಿಯಿತು. ಬಸವನಗುಡಿಯಲ್ಲಿ ಕೊನೆಗೆ ನಡೆಯುವ ಪುಟ್ಟ ಸಭೆಯಲ್ಲಿ ತಂಗಿ ಮಾತಾಡುತ್ತಾಳಂತೆ. ತನ್ನ ನಾಲ್ಕು ವರ್ಷದ ನೋವಿನ ಬಗ್ಗೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಜನರ ಮುಂದೆ ನಿಂತು ಸುಳ್ಳು ಹೇಳುವುದಕ್ಕೆ ಬಿಡಬಾರದು, ನಾಳೆ ಗೊತ್ತಾದರೆ ಮನೆತನದ ಮಾನ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೂ ತಿಳಿಸದೆ ನೋಟ್‌ಬುಕ್ ಹಿಡಿದು ವೈಯಾಲಿಕಾವಲ್‌ಗೆ ಹೋದೆ.

ಹಳೇ ಮನೆಯೊಂದರ ಮುಂಭಾಗವೇ ಕ್ಲಿನಿಕ್ಕು. ಒಳಗೆ ಏಳೆಂಟು ಜನ ಕಾಯುತ್ತಿದ್ದರು. ಕೂತು ಒಬ್ಬೊಬ್ಬರನ್ನೇ ಅಳೆದೆ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡವನು ಫೋನಿನಲ್ಲಿ ಮಾತಾಡುತ್ತಾ ಸಲೀಸಾಗಿ ತಲೆಯಾಡಿಸುತ್ತಿದ್ದ. ಕೋಲು ಹಿಡಿದ ಹೆಂಗಸು ಕೋಲನ್ನು ಗೋಡೆಗೊರಗಿಸಿ ನೀರು ತರುವುದಕ್ಕೆ ಎದ್ದು ಹೋದಳು. ಇವರಲ್ಲಿ ಅರ್ಧ ಜನ ಸುಳ್ಳು ಎಂದು ತೀರ್ಮಾನಿಸಿಬಿಟ್ಟಿದ್ದೆ, ಅಷ್ಟರಲ್ಲಿ ಒಳಗೆ ಕರೆದರು.

ಡಾಕ್ಟರಿಗೆ ನಾನು ಯಾರೆಂದು ಹೇಳಿದೆ, ಏನು ಕೆಲಸ ಮಾಡುತ್ತಿದ್ದೆ ಎಂದೂ ಹೇಳಿದೆ. ನಿಮಗೆ ಮೋಸ ಆಗುತ್ತಿದೆ ಎಂದು ನೋಟ್‌ಬುಕ್ ಮುಂದಿಟ್ಟೆ. ಅವರು ಮೊದಲಿಗೆ, ನಿಮ್ಮ ತಂಗಿಯ ಚಿಕಿತ್ಸೆಯ ವಿಷಯ ಅವರ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಮಾತಾಡುವುದಿಲ್ಲ ಎಂದರು. ಆಮೇಲೆ, ನೀವೇ ತಂದಿದ್ದೀರಲ್ಲ, ಓದಬಹುದಾ ಎಂದು ಕೇಳಿ ಓದತೊಡಗಿದರು. ನಿಧಾನವಾಗಿ ಓದಿದರು. ಒಂದೆರಡು ಸಲ ಹಿಂದಕ್ಕೆ ತಿರುವಿ ನೋಡಿದರು. ಮುಖದ ಮೇಲೆ ಸಿಟ್ಟಿರಲಿಲ್ಲ, ಅದು ನನಗೆ ಹಿಡಿಸಲಿಲ್ಲ.

"ಸಾರ್, ಹದಿಮೂರನೇ ತಾರೀಖು ಗಾಂಧಿಬಜಾರಿಗೆ ಹೋಗಿ ಹೂವು, ಹಣ್ಣು ತಂದ್ರು ಅಂತ ಬರ್ದಿದೀರ. ಹದಿನಾಲ್ಕು, ಹದಿನೈದು ಖಾಲಿ ಇದೆ. ಯಾಕೆ?"

"ಬರೆಯೋ ಅಂಥದ್ದು ಏನೂ ನಡೀಲಿಲ್ಲ."

"ಅಂದ್ರೆ ಅವತ್ತು ಅವರು ಏನ್ ಮಾಡ್ತಿದ್ರು?"

"ಏನಿಲ್ಲ. ರೂಮಲ್ಲೇ ಇದ್ಲು."

"ಯಾಕೆ ಸಾರ್?"

ಇಂಥ ಪ್ರಶ್ನೆಗಳನ್ನು ನಾನು ಜೀವಮಾನವೆಲ್ಲ ಕೇಳಿದ್ದೆ. ಎದುರಿನ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡದ್ದು ಅದೇ ಮೊದಲು. ಗೊತ್ತಿಲ್ಲ ಎಂದೆ. ಅವರು ಇನ್ನೂ ಮೂರು ಪುಟ ತೋರಿಸಿದರು. ಮೈದಾನದಲ್ಲಿ ಇಪ್ಪತ್ತು ನಿಮಿಷ ತುಳಿದ ಭಾನುವಾರದ ಕೆಳಗೆ ಸೋಮವಾರ ಖಾಲಿ, ಮಂಗಳವಾರ ಖಾಲಿ. ಅವರೆಕಾಯಿ ಬಿಡಿಸಿದ ದಿನದ ಮಾರನೇ ದಿನ ಖಾಲಿ. ನೋಟ್‌ಬುಕ್ ಮುಚ್ಚಿ ನನ್ನ ಕಡೆ ತಳ್ಳಿ, "ಬರ್ದಿರೋದೆಲ್ಲ ಕರೆಕ್ಟಾಗೇ ಇದೆ ಸಾರ್. ಖಾಲಿ ಬಿಟ್ಟಿದೀರಲ್ಲ, ಅದನ್ನೂ ಒಂದ್ಸಲ ಓದಿ" ಎಂದರು. ಹೊರಗೆ ಕಾಯುತ್ತಿದ್ದವರಿದ್ದರು, ಎದ್ದೆ.

ಅಷ್ಟಕ್ಕೇ ನನಗೆ ಜ್ಞಾನೋದಯ ಆಯಿತೆಂದರೆ ಸುಳ್ಳಾಗುತ್ತದೆ. ದಾರಿಯುದ್ದಕ್ಕೂ ಆ ಹೆಣ್ಣುಮಗಳನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಜಾಥಾಕ್ಕೆ ಜನ ಬೇಕಲ್ಲ, ಹೀಗೇ ಹೇಳುತ್ತಾರೆ. ಮನೆಗೆ ಬಂದು ಪೆನ್ಸಿಲ್ ಹಿಡಿದು ಕೂತೆ. ಬರೆದ ದಿನಕ್ಕೊಂದು ಗುರುತು, ಖಾಲಿ ದಿನಕ್ಕೊಂದು ಗುರುತು. ತಿಂಗಳುಗಟ್ಟಲೆ ಅದೇ ನಡೆ: ಒಂದು ದಿನ ಓಡಾಟ, ಎರಡು ದಿನ ಖಾಲಿ. ಓಡಾಟ ಜಾಸ್ತಿಯಾದರೆ ಮೂರು. ಎರಡು ಕಡೆ ಮಾತ್ರ ಈ ನಡೆ ತಪ್ಪಿತ್ತು. ಓಡಾಡಿದ ಮಾರನೇ ದಿನವೂ ಅವಳು ಆರಾಮಾಗಿದ್ದಳು. ಆ ಎರಡನ್ನೇ ಹಿಡಿದುಕೊಂಡು ಇನ್ನೂ ಒಂದು ವಾರ ಅನುಮಾನ ಸಾಕಿದೆ.

ಕೊನೆಗೆ ಹೆಂಡತಿಯನ್ನು ಕೇಳಿದೆ. ಇಂಥಿಂಥ ದಿನ ಇವಳು ಏನು ಮಾಡುತ್ತಿದ್ದಳು ಎಂದು. ಅವಳಿಗೆ ನೋಟ್‌ಬುಕ್ ಬೇಕಾಗಲಿಲ್ಲ. ಗೌರಿ ಹಬ್ಬದ ಮಾರನೇ ದಿನ ತಂಗಿಗೆ ಸ್ನಾನದ ಮನೆಯಲ್ಲಿ ಕೂರುವುದಕ್ಕೂ ಆಗಲಿಲ್ಲ, ತಾನೇ ಹಿಡಿದುಕೊಂಡು ನೀರು ಹಾಕಿದೆ ಎಂದಳು. ಬಿಸಿನೀರಿನ ಚೀಲ ದಿನಕ್ಕೆ ಆರು ಸಲ ತುಂಬಿಸಿ ಕೊಡುವ ದಿನಗಳಿವೆ. ಬೆಡ್‌ಶೀಟ್ ಕಾಲಿಗೆ ತಾಗಿದರೂ ತಡೆಯುವುದಿಲ್ಲವೆಂದು ಚಳಿಯಲ್ಲಿ ಹಾಗೇ ಮಲಗುವ ದಿನಗಳಿವೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಬಾಗಿಲು ಹಾಕ್ಕೊಂಡಿರ್ತಾಳೆ ಅಂತ ನೀವೇ ಹೇಳ್ತಿದ್ರಿ. ಒಂದಿನ ತಟ್ಟಿ ನೋಡಿದ್ರಾ?" ಎಂದಳು. ದನಿ ಏರಿಸಲೇ ಇಲ್ಲ.

ಅವತ್ತು ನನಗೆ ಕಲಾಸಿಪಾಳ್ಯದ ಒಂದು ಫೈಲು ನೆನಪಾಯಿತು. ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು. ಲಾರಿಯಿಂದ ಆಲೂಗಡ್ಡೆ ಮೂಟೆ ಅವನ ಬೆನ್ನ ಮೇಲೆ ಬಿದ್ದಿತ್ತು. ಅವನ ಮನೆಯಿದ್ದ ಗಲ್ಲಿಯ ತುದಿಯಲ್ಲಿ ಮೂರು ದಿನ ಬೆಳಿಗ್ಗೆ ಕಾದು ನಿಂತಿದ್ದೆ. ಮೂರನೇ ದಿನ ಅವನು ಮಗಳನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡಲು ಹೊರಟ. ಫೋಟೋ ತೆಗೆದೆ. ಅರ್ಜಿ ವಜಾ ಆಯಿತು, ಮೇಲಿನವರು ನನ್ನ ಭುಜ ತಟ್ಟಿದರು. ಮೊದಲ ಎರಡು ದಿನ ಅವನು ಮನೆಯಿಂದ ಹೊರಗೇ ಬಂದಿರಲಿಲ್ಲ. ಮಗಳನ್ನು ಆ ಎರಡು ದಿನ ಪಕ್ಕದ ಮನೆಯ ಹೆಂಗಸು ಕರೆದುಕೊಂಡು ಹೋಗಿದ್ದಳು. ನನ್ನ ವರದಿಯಲ್ಲಿ ಆ ಎರಡು ದಿನದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವನು ನಿಜ ಹೇಳಿದ್ದನೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತು ಎಂದು ಸಹಿ ಹಾಕಿದ್ದೆ. ಇದು ನೆನಪಾದ ಮರುದಿನ ಆ ಗಲ್ಲಿಗೆ ಹೋಗಿ ನೋಡಿದೆ. ಸಾಲು ಮನೆಗಳಿದ್ದ ಜಾಗದಲ್ಲಿ ಗೋಡೌನ್ ಆಗಿದೆ. ಅಲ್ಲಿದ್ದವರು ಯಾರೂ ಅವನನ್ನು ಬಲ್ಲವರಲ್ಲ.

ಜಾಥಾಕ್ಕೆ ನಾಲ್ಕು ದಿನವಿದ್ದಾಗ ತಂಗಿಯ ರೂಮಿನ ಬಾಗಿಲು ತಟ್ಟಿ ಒಳಗೆ ಹೋಗಿ ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ಏನಿದು ಎಂದಳು. ಓದು ಎಂದೆ. ಅವಳು ದಿಂಬಿಗೆ ಒರಗಿ ಓದಿದಳು. ಮೂರು ಸಲ ನಕ್ಕಿದ್ದು ಎಂಬಲ್ಲಿಗೆ ಬಂದಾಗ ತುಟಿ ಸ್ವಲ್ಪ ಅಲುಗಿತು, ಆದರೆ ನಗಲಿಲ್ಲ. ಮತ್ತೆ ಮೊದಲ ಪುಟಕ್ಕೆ ಹೋದಳು.

"ಡಬ್ಬಿ ನೀನು ಬೇಕಂತಲೇ ಬೀಳ್ಸಿದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು ಅಣ್ಣ" ಎಂದಳು. "ನಾನು ಎತ್ತದೇ ಇದ್ದಿದ್ರೆ ನೀನು ನಾಟಕ ಅಂತಿದ್ದೆ. ಎತ್ತಿಕೊಟ್ಟಿದ್ದಕ್ಕೆ, ತೊಂದರೆ ಕಾಣಲಿಲ್ಲ ಅಂತ ಬರ್ಕೊಂಡೆ. ನಾನು ಏನ್ ಮಾಡ್ಬೇಕಿತ್ತು, ನೀನೇ ಹೇಳು."

ಅವಳು ಹಂಗಿಸುತ್ತಿರಲಿಲ್ಲ. ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದಳು. ತಪ್ಪಾಯಿತು ಎಂದೆ, ಆ ಮಾತು ಆ ರೂಮಿನಲ್ಲಿ ತೀರಾ ಸಣ್ಣದಾಗಿ ಕೇಳಿಸಿತು. ಅವಳು ನೋಟ್‌ಬುಕ್ ವಾಪಸ್ ಕೊಡಲಿಲ್ಲ, ಹರಿಯಲೂ ಇಲ್ಲ, ದಿಂಬಿನ ಪಕ್ಕ ಇಟ್ಟುಕೊಂಡಳು. ನಾನು ಬಾಗಿಲ ಬಳಿ ಬಂದಾಗ, "ಭಾನುವಾರ ಬರೋದಾದ್ರೆ ಎಳನೀರು ಗಾಡಿ ಹಿಂದೆ ನಿಲ್ಬೇಡ. ಎದುರಿಗೇ ಬಾ" ಎಂದಳು. ಅದನ್ನೂ ಅವಳು ನೋಡಿದ್ದಳು.

ಭಾನುವಾರ ಆರು ಗಂಟೆಗೆ ಮಲ್ಲೇಶ್ವರದ ಮೈದಾನದಲ್ಲಿ ಮಂಜು ಇನ್ನೂ ಇತ್ತು. ನಲವತ್ತು ಸೈಕಲ್ ಇರಬಹುದು. ಅರ್ಧದಷ್ಟು ಜನ ನೋವಿನವರು, ಉಳಿದವರು ಅವರ ಮನೆಯವರು, ಸ್ನೇಹಿತರು. ಎಲ್ಲರ ಬೆನ್ನ ಮೇಲೂ ಬಿಳೀ ಬಟ್ಟೆಯಲ್ಲಿ 'ನನ್ನ ನೋವು ನಿಮಗೆ ಕಾಣುವುದಿಲ್ಲ' ಎಂದು ಬರೆದಿತ್ತು. ಡಾಕ್ಟರು ನನ್ನನ್ನು ನೋಡಿ ಹಳೆಯದನ್ನು ಎತ್ತಲಿಲ್ಲ. ಸ್ಕೂಟರ್ ಇದೆಯಲ್ಲ, ಹಿಂದಿನಿಂದ ನೀರು, ಮಡಿಸುವ ಸ್ಟೂಲು ತೆಗೆದುಕೊಂಡು ಬನ್ನಿ ಎಂದರು. ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು. ಆದರೂ ಹೇಳಬೇಕು, ಸೈಕಲ್ ಹತ್ತಿದವರಲ್ಲಿ ಒಬ್ಬ ದಪ್ಪ ಮೀಸೆಯವನು ಎಲ್ಲರಿಗಿಂತ ಮುಂದೆ ನುಗ್ಗಿದ್ದನ್ನು ಕಂಡಾಗ, ಇವನಿಗೆಂಥ ನೋವು ಎಂದು ಮನಸ್ಸು ಆಗಲೇ ಫೈಲು ತೆರೆದಿತ್ತು. ಆಮೇಲೆ ತಿಳಿಯಿತು, ಅವನಿಗೆ ನೋವೇ ಇರಲಿಲ್ಲ. ನೋವಿದ್ದದ್ದು ಅವನ ಹೆಂಡತಿಗೆ, ಅವಳು ನಿಧಾನವಾಗಿ ಹಿಂದೆ ಬರುತ್ತಿದ್ದಳು.

ಶೇಷಾದ್ರಿಪುರ, ಆನಂದರಾವ್ ಸರ್ಕಲ್ ದಾಟಿ ಮೈಸೂರ್ ಬ್ಯಾಂಕ್ ಸರ್ಕಲ್‌ವರೆಗೆ ತಂಗಿ ಮಧ್ಯದ ಸಾಲಿನಲ್ಲಿದ್ದಳು. ಟೌನ್‌ಹಾಲ್ ಬರುವ ಹೊತ್ತಿಗೆ ಕೊನೆಯ ಸಾಲಿಗೆ ಬಂದಳು. ಅಲ್ಲಿ ಇಳಿದಳು. ನಾನು ಸ್ಟೂಲು ಹಾಕಿದೆ, ಕೂತಳು. ಮುಖ ಬಿಳಿಚಿಕೊಂಡಿತ್ತು, ಮೇಲ್ದುಟಿಯ ಮೇಲೆ ಬೆವರು. ಆಟೋ ಹಿಡಿಯುತ್ತೇನೆ ಎಂದೆ, ಬೇಡ, ಸ್ವಲ್ಪ ತಡಿ ಎಂದಳು. ಹತ್ತು ನಿಮಿಷ ಬಿಟ್ಟು ಮತ್ತೆ ಹತ್ತಿದಳು. ಚಾಮರಾಜಪೇಟೆಗೆ ಬಂದು ನಮ್ಮ ರಸ್ತೆಯ ತುದಿಯಲ್ಲಿ ಕಾಲೂರಿ, "ಸಾಕಣ್ಣ. ಇಷ್ಟೇ ಆಗೋದು" ಎಂದಳು. ಬಸವನಗುಡಿಗೆ ಇನ್ನೂ ಎರಡು ಕಿಲೋಮೀಟರ್ ಇತ್ತು. ಸಭೆಯಲ್ಲಿ ಅವಳ ಬದಲು ಬೇರೆ ಯಾರೋ ಮಾತಾಡಿದರಂತೆ.

ಆ ತುದಿಯಲ್ಲಿ ನಿಂತಾಗ ನನಗೆ ಏನನ್ನಿಸಿತೆಂದು ಬರೆಯುವುದು ಕಷ್ಟ. ನಾನು ನೋಡುತ್ತಿದ್ದೇನೆಂದು, ನನಗೆ ತೋರಿಸುವುದಕ್ಕೆಂದೇ ಅರ್ಧಕ್ಕೆ ನಿಲ್ಲಿಸಿದಳೇ ಎನ್ನಿಸಿತು. ಪೂರ್ತಿ ತುಳಿದಿದ್ದರೆ ನೋವು ಸುಳ್ಳು ಎನ್ನುತ್ತಿದ್ದೆ. ನಿಲ್ಲಿಸಿದ್ದಕ್ಕೆ ನಿಲ್ಲಿಸಿದ್ದೇ ಸುಳ್ಳಿರಬಹುದು ಎನ್ನುತ್ತಿದ್ದೆ. ಇಷ್ಟೆಲ್ಲ ಆದ ಮೇಲೂ. ಅವಳು ಸೈಕಲ್ ತಳ್ಳಿಕೊಂಡು ಮುಂದೆ ನಡೆಯುತ್ತಿದ್ದಳು, ನಾನು ಸ್ಕೂಟರ್ ತಳ್ಳಿಕೊಂಡು ಹಿಂದೆ. ನನ್ನ ಬಗ್ಗೆಯೇ ನನಗೆ ಹೇಸಿಗೆ ಆಯಿತು.

ಸೋಮವಾರ ಬೆಳಿಗ್ಗೆ ಬಾಗಿಲು ತಟ್ಟಿದೆ. ಆಮೇಲೆ ಬಾ ಎಂದಳು. ಮಂಗಳವಾರ ಕಾಫಿ ಹಿಡಿದು ಹೋದೆ, ಬೇಡ ಎನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ. ಅವಳು ಎಡಮಗ್ಗುಲಿನಿಂದ ಬಲಕ್ಕೆ ಹೊರಳಬೇಕಿತ್ತು. ಮೊದಲು ಒಂದು ಮೊಣಕಾಲು ಮಡಿಸಿದಳು, ಸುಧಾರಿಸಿಕೊಂಡಳು. ಮಂಚದ ಅಂಚು ಹಿಡಿದಳು, ಮತ್ತೆ ಸುಧಾರಿಸಿಕೊಂಡಳು. ಉಸಿರು ಬಿಗಿಹಿಡಿದು ಭುಜ ತಿರುಗಿಸಿದಳು. ಪೂರ್ತಿ ಹೊರಳುವ ಹೊತ್ತಿಗೆ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ನರಳಲಿಲ್ಲ, ಅಮ್ಮಾ ಎನ್ನಲಿಲ್ಲ. ನಾನು ನೋಡಿದವರೆಲ್ಲ ನನಗೆ ನೋವನ್ನು ತೋರಿಸುತ್ತಿದ್ದವರು. ಅಡಗಿಸುವವರನ್ನು ನೋಡುವುದು ನನಗೆ ಗೊತ್ತಿರಲಿಲ್ಲ. ಹೆಂಡತಿ ಬಿಸಿನೀರಿನ ಚೀಲ ತಂದಳು. ಎಲ್ಲಿಗೆ ಇಡಬೇಕೆಂದು ಕೇಳಿ, ಅವತ್ತು ನಾನೇ ಇಟ್ಟೆ.

ನೋವು ಹೋಗಿಲ್ಲ. ಹೋಗುತ್ತದೆಂದು ಯಾರೂ ಹೇಳಿಯೂ ಇಲ್ಲ. ಆದರೆ ಗುರುವಾರದ ಪುಕ್ಕಟೆ ಕ್ಲಿನಿಕ್ಕು ನಿಜವಾಗಿಯೂ ಶುರುವಾಯಿತು. ಮೊದಲ ಗುರುವಾರ ನಾನು ಸುಮ್ಮನೆ ಹೋಗಿ ನೋಡಿಬಂದೆ. ಸುಮ್ಮನೆ ಎಂದರೆ ಖಾತ್ರಿ ಮಾಡಿಕೊಳ್ಳಲು. ಬಾಗಿಲವರೆಗೂ ಸಾಲಿತ್ತು.

ಜಾಥಾ ಮುಗಿದು ನಾಲ್ಕೈದು ದಿನವಾಗಿತ್ತು. ಹಾಲಿನ ಅಂಗಡಿಯ ಮುಂದೆ ಎದುರುಮನೆಯವರು ಸಿಕ್ಕರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು, ನನ್ನ ಓರಿಗೆಯವರು. ನಿಮ್ಮ ತಂಗಿ ಸೈಕಲ್ ಹೊಡೆಯುತ್ತಿದ್ದ ಫೋಟೋ ಮೊಬೈಲಿನಲ್ಲಿ ಬಂತು, ಬೆನ್ನು ಪೂರ್ತಿ ವಾಸಿಯಾಯಿತಾ ಎಂದು ವಿಚಾರಿಸಿದರು. ಇಲ್ಲ, ಹಾಗೇ ಇದೆ ಎಂದೆ. ತುಳಿದ ದಿನ ತುಳಿಯುತ್ತಾಳೆ, ಆಮೇಲೆ ಎರಡು ಮೂರು ದಿನ ಏಳುವುದಕ್ಕೆ ಆಗುವುದಿಲ್ಲ ಎಂದು ವಿವರಿಸಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಅಗತ್ಯಕ್ಕಿಂತ ಜೋರಾಗುತ್ತಿದೆ, ಬೇಡದ ವಿವರವೆಲ್ಲ ಸೇರಿಸುತ್ತಿದ್ದೇನೆ ಎಂದು ನನಗೇ ಗೊತ್ತಾಗುತ್ತಿತ್ತು.

ಅವರು ಸಮಾಧಾನವಾಗಿ ಕೇಳಿಸಿಕೊಂಡರು. "ಅಷ್ಟು ನೋವಾಗೋದಾದ್ರೆ ಯಾಕೆ ತುಳೀಬೇಕು ಸಾರ್?" ಎಂದರು.

"ಸುಮ್ನೆ ಕೂತ್ರೂ ನೋವೇ ಇರುತ್ತಂತೆ" ಎಂದೆ.

"ಹೌದಾ" ಎಂದು ಅವರು ಮೆಲ್ಲಗೆ ತಲೆಯಾಡಿಸಿದರು. ನಂಬಲಿಲ್ಲ. ಹಾಲಿನ ಪ್ಯಾಕೆಟ್ ತೆಗೆದುಕೊಂಡು, ಆರೋಗ್ಯ ನೋಡಿಕೊಳ್ಳಲಿ ಎಂದು ಹೇಳಿ ಹೋದರು.

ಮನೆಗೆ ಬಂದಾಗ ತಂಗಿ ಎದ್ದು ಜಗಲಿಯವರೆಗೆ ಬಂದು ಬಿಸಿಲಿಗೆ ಕೂತಿದ್ದಳು. ನಡೆದದ್ದನ್ನು ಹೇಳಿದೆ. ನನಗೆ ಎಷ್ಟು ಸಿಟ್ಟು ಬಂತೆಂದೂ ಹೇಳಿದೆ. ಅವಳು ಬೀದಿಯ ಕಡೆ ನೋಡುತ್ತಾ ಕೇಳಿಸಿಕೊಂಡಳು.

"ಬಿಡಣ್ಣ. ನಿಂಗೆ ನಾಲ್ಕು ವರ್ಷ ಹಿಡೀತು. ಅವರಿಗೆ ನಾಲ್ಕು ದಿನ ಆಗಿಲ್ಲ" ಎಂದಳು. ಆಮೇಲೆ, ಬೆನ್ನಿಗೆ ಇಟ್ಟುಕೊಳ್ಳಲು ರೂಮಿನಿಂದ ಆ ಸಣ್ಣ ದಿಂಬು ತಂದುಕೊಡುತ್ತೀಯಾ ಎಂದು ಕೇಳಿದಳು. ತರಲು ಒಳಗೆ ಹೋದೆ.